ಟೆಂಟಿಗೊಂದು ಈಜುಕೊಳ

೩-೯-೨೦೦೬, ಭಾನುವಾರ. ಕಾಪು

ಶುಗರ್ ಮಾತ್ರೆ ಆಯಿತು. ಗಂಜಿ ಆಯಿತು. ಮಣಿಪಾಲದಿಂದ ಮಗಳು ಚೈತಾಲಿ, ಅಳಿಯ ರಿತೇಶ್ ಬಂದರು. ಕೈಯಲ್ಲಿ ಬ್ರೋಷರ್. ಡಿಸೆಂಬರಿನಲ್ಲಿ ದುಬೈ — ಮರುಭೂಮಿಯ ನಡುವೆ ಲಕ್ಷುರಿ ಟೆಂಟ್. ನಾಲ್ವರೂ ಹೋಗುವುದಂತೆ. ಟೆಂಟಿಗೊಂದು ಈಜುಕೊಳ! ಮರಳಿನ ಮೇಲೆ ರತ್ನಗಂಬಳಿ, ಒಂಟೆಯ ಕೊರಳಿಗೆ ಗೊಂಡೆ... ಥೂ.

"ಮಾವ, ನಿಮಗೆ ಹಳೇ ಜಾಗ ಅಲ್ವಾ? ಖುಷಿ ಆಗ್ತದೆ" ಎಂದ ರಿತೇಶ್.

ಖುಷಿಯಂತೆ. ಹರೆಯವೆಲ್ಲ ಅದೇ ಮರಳಿನಲ್ಲಿ ನೀರಿನ ಟ್ಯಾಂಕರ್ ಓಡಿಸಿದವನು ನಾನು. ಸುಡುವ ನೀರು, ತುಕ್ಕಿನ ವಾಸನೆ. ಅದಕ್ಕೂ ಕೂಲಿ ಕ್ಯಾಂಪಿನವರು ಬಕೆಟ್ ಹಿಡಿದು ಹೊಡೆದಾಡುತ್ತಿದ್ದರು. ಈಗ ಅಲ್ಲೇ ನೀರಿಗೆ ಕಾಲು ಇಳಿಬಿಟ್ಟು ಜ್ಯೂಸ್ ಕುಡಿಯಬೇಕು. ಮಧ್ಯಾಹ್ನ ಊಟ ಸೇರಲಿಲ್ಲ.

೫-೯, ಮಂಗಳವಾರ

ಬನ್ನಂಜೆಯ ಟ್ರಾವೆಲ್ಸಿಗೆ ಎಳೆದುಕೊಂಡು ಹೋದರು. ಅಲ್ಲಿಯ ಪ್ಯಾಟ್ರಿಶಿಯಾ ಮೇಡಂ, "ಸರ್, ಡೆಸರ್ಟ್ ಲೈಫ್ ಎಕ್ಸ್‌ಪೀರಿಯನ್ಸ್ ಅಂತ ಉಂಟು. ಒಂದು ರಾತ್ರಿ ನೆಲದಲ್ಲೇ ಮಲಗುವುದು" ಎಂದರು. ನೆಲದಲ್ಲಿ ಮಲಗಲು ಎಕ್ಸ್‌ಟ್ರಾ ಚಾರ್ಜ್! ಹೇಸಿಗೆ. ನಾನು ಬರುವುದಿಲ್ಲ ಎಂದು ಎದ್ದು ಬಂದೆ. ಹೆಂಡತಿಯಾದವಳು, ಮೋಹಿನಿ, ನನ್ನ ಪರವಾಗಿ ಒಂದು ಮಾತು ಆಡಲಿಲ್ಲ.

೧೭-೯

ಮನೆಯಲ್ಲಿ ಇನ್ನೂ ಮೌನವ್ರತ. ಬಂಗುಡೆ ಸಾರಿಗೆ ಉಪ್ಪಿಲ್ಲ. ಬೇಕೆಂದೇ.

೧೮-೯, ಸಂಜೆ

ಮೋಹಿನಿ ಹಳೆಯ ಟೇಪ್ ರೆಕಾರ್ಡರ್ ತೆಗೆದಳು. ದುಬೈಯಲ್ಲಿದ್ದಾಗ ನಾನು ಪತ್ರದ ಬದಲು ಮಾತು ತುಂಬಿಸಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದ ಕ್ಯಾಸೆಟ್ ಹಾಕಿದಳು. ನನ್ನದೇ ಸ್ವರ — "ಇಲ್ಲಿ ಎಂತ ತೊಂದರೆಯೂ ಇಲ್ಲ. ಎಸಿ ಉಂಟು. ಸಂಜೆ ಮರಳು ನೋಡಲು ಭಾರೀ ಚಂದ. ಒಮ್ಮೆ ನಿನ್ನನ್ನು ಕರಕೊಂಡು ಬರ್ತೇನೆ."

ಥೂ! ಆ ಬ್ರೋಷರ್ ಇದಕ್ಕಿಂತ ವಾಸಿ.

"ನಿಮ್ಮ ಸ್ವರದ ಹಿಂದೆ ಯಾರೋ ಕೆಮ್ಮುವುದು ಕೇಳ್ತದೆ. ಇನ್ನೊಬ್ಬರ ಗೊರಕೆ. ಎಷ್ಟು ಜನ ಇದ್ರಿ ಒಂದು ಕೋಣೆಯಲ್ಲಿ?" ಎಂದಳು ಮೋಹಿನಿ.

"ಹನ್ನೆರಡು."

"ನನಗೆ ಆಗಲೇ ಗೊತ್ತಿತ್ತು. ನನಗೆ ಟೆಂಟೂ ಬೇಡ, ಎಂತದೂ ಬೇಡ. ಆ ಕೋಣೆ ತೋರಿಸಿ. ಅದಕ್ಕೇ ನಾನು ಹೊರಟದ್ದು."

ಅಳು ಬಂತು. ಸಿಟ್ಟೂ ಬಂತು. ಎದ್ದು ಕಡಲಿನ ಕಡೆ ಹೋದೆ. ಅಲ್ಲಿಯೂ ಮರಳು.

೧೯-೯, ಬೆಳಿಗ್ಗೆ

ಅವಳ ಪಾಸ್‌ಪೋರ್ಟ್ ಫೋಟೋ ತೆಗೆಸಲು ಉಡುಪಿಗೆ ಹೊರಟಿದ್ದೇವೆ. ಆ ಈಜುಕೊಳಕ್ಕೆ ನಾನು ಕಾಲಿಡುವುದಿಲ್ಲ, ಅದು ಖಂಡಿತ. ಕೋಣೆ ಈಗ ಇದೆಯೋ, ಕೆಡವಿದ್ದಾರೋ. ಬರುವಾಗ ಅವಳಿಗೊಂದು ಜೊತೆ ಶೂ ತೆಗೆಯಬೇಕು. ಚಪ್ಪಲಿಯಲ್ಲಿ ಆ ಮರಳು ತುಳಿಯಲು ಆಗುವುದಿಲ್ಲ.