ಮಣಿಕೊಂಡದ ಬಯಲಿನಲ್ಲಿ ಚರಗ

ಮಣಿಕೊಂಡ, ಹೈದರಾಬಾದ್
೮ ಜನವರಿ ೨೦೦೬, ಭಾನುವಾರ

ಪ್ರೀತಿಯ ನೀಲಕ್ಕಾ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ನನ್ನನ್ನು ಬೈದುಕೊಂಡಿರುತ್ತೀ, ಬೈದುಕೋ. ಕೆಲಸ ಹೆಚ್ಚಿತ್ತು ಎಂದು ನೆಪ ಹೇಳುವುದಿಲ್ಲ, ಹೊತ್ತು ಬೇಕಾದಷ್ಟಿತ್ತು. ಆದರೆ ನೀನು ಕೇಳಿದ ಒಂದೇ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಬರಲೇ, ಅಪ್ಪನನ್ನು ಕೇಳಿ ತಿಳಿಸು ಎಂದು ಬರೆದಿದ್ದೆ. ನಮ್ಮ ಜಾತಿಯಲ್ಲದ ವಿಠಲ ಮಾಮಾನನ್ನು ಮದುವೆಯಾಗಿ ನೀನು ರಾಯಚೂರಿಗೆ ಹೋದಾಗಿನಿಂದ, ನಿನ್ನ ಹೆಸರೆತ್ತಿದರೆ ಸಾಕು, ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುತ್ತಾನೆ. ಅಂಥವನನ್ನು ಹೇಗೆ ಕೇಳುವುದು? "ಎಳ್ಳಮಾಸಿ ದಿನ ಅಂವನ ಮನಸ್ಸು ಹಗುರ ಇರ್ತೈತಿ, ತಡಿ," ಅಂದಳು ಅವ್ವ. ತಡೆದೆ. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಓಣಿಯ ಎಸ್‌ಟಿಡಿ ಅಂಗಡಿಯಲ್ಲಿ ನಿಂತವರೆಲ್ಲ ಕಿವಿಗೊಡುವಾಗ ಹೇಳುವ ಮಾತಲ್ಲ ಇದು.

ಮೊದಲು ನನ್ನ ಸುದ್ದಿ. ಬಳೆ ಅಂಗಡಿಯ ಕೆಲಸ ಬಿಟ್ಟೆ. ಬಣ್ಣ ಹೋಗುವ ಬಳೆಯನ್ನು ಹೋಗುವುದಿಲ್ಲ ಎಂದು ಹೇಳು ಅಂದ ಮಾಲಕ. ಗಿರಾಕಿ ಕೇಳಿದಳು, ಹೋಗುತ್ತದೆ ಅಂದೆ. ಈಗ ಕೊಂಡಾಪುರದ ಒಂದು ಲೇಡೀಸ್ ಹಾಸ್ಟೆಲಿನ ಅಡುಗೆಮನೆಯಲ್ಲಿದ್ದೇನೆ. ಇದಾದರೂ ಎಷ್ಟು ದಿನವೋ ಎಂದು ಅವ್ವ ದಿನಾ ಕೇಳುತ್ತಾಳೆ. ಒಂಬತ್ತನೇ ಕ್ಲಾಸಿನಲ್ಲೇ ಕೂರಲಾಗದೆ ಎದ್ದು ಬಂದವಳು ಎಲ್ಲಿ ಕೂರುತ್ತೇನೆಂದು ನನಗೂ ಗೊತ್ತಿಲ್ಲ. ಹಾಸ್ಟೆಲಿನಲ್ಲಿ ನನಗೊಬ್ಬ ಗೆಳತಿ ಸಿಕ್ಕಿದ್ದಾಳೆ, ಅನ್ವಿತಾ. ಉಡುಪಿ ಕಡೆಯವಳು, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲುವುದನ್ನು ಕಂಡೇ ಇಲ್ಲವಂತೆ, ರಜೆ ಹಾಕಿ ನಮ್ಮ ಜೊತೆ ಬಂದಳು. ಅವಳು "ನಾನು ಏನಾದರೂ ಹಿಡಿದುಕೊಳ್ಳಲಾ ಅಮ್ಮಾ?" ಎಂದು ಕೇಳಿದರೆ ಅವ್ವ ನನ್ನ ಕಿವಿಯಲ್ಲಿ, "ಈಕಿ ಏನಬೇ, ರೇಡಿಯೋದಾಗ ಮಾತಾಡಿದಂಗ ಮಾತಾಡ್ತಾಳ," ಅಂದಳು.

ಅಮಾವಾಸ್ಯೆಗೆ ಗಾರೆ ಕೆಲಸದವರಿಗೆ ರಜೆ. ಅವ್ವ ನಸುಕಿನಲ್ಲೇ ಎದ್ದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಕಡುಬು, ಶೇಂಗಾ ಹೋಳಿಗೆ ಎಲ್ಲ ಮಾಡಿದ್ದಳು. ಬುತ್ತಿ ಬುಟ್ಟಿ ಹೊತ್ತು ಹೊರಟೆವು. ಅಪ್ಪನ ಜೊತೆ ಗಾರೆ ಕೆಲಸ ಮಾಡುವ ಹಂಪಯ್ಯ ಕಾಕಾ ನೀರಿನ ಕೊಡ ಹಿಡಿದಿದ್ದ. ಹೊಲ ಎಲ್ಲಿದೆ ಅನ್ನುತ್ತೀಯಾ? ಅಪ್ಪ ಕೆಲಸಕ್ಕೆ ಹೋಗುವ ದಾರಿಯಲ್ಲಿ ಒಂದು ಖಾಲಿ ಬಯಲು. ಪ್ಲಾಟು ಮಾಡಿ, ಕಲ್ಲು ನೆಟ್ಟು, ಸುಣ್ಣ ಬಳಿದಿದ್ದಾರೆ. ನಡುವೆ ಎಲ್ಲಿಂದ ಕಾಳು ಬಿದ್ದಿತ್ತೋ, ನಾಲ್ಕು ಜೋಳದ ದಂಟು ತಾವಾಗಿಯೇ ಎದ್ದು ನಿಂತಿವೆ. ಅಷ್ಟು ಬೆಳೆ ಸಾಕಾಯಿತು ಅಪ್ಪನಿಗೆ.

ದಂಟಿನ ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಅಡಿಗೆಯನ್ನೆಲ್ಲ ಕಲಸಿ ಬುಟ್ಟಿಯಲ್ಲಿ ಹಿಡಿದು ಅಪ್ಪ ನಡೆದ. "ಹುಲ್ಲುಲ್ಲಿಗೋ!" ಎಂದು ಕೂಗಿ ತುತ್ತು ಚೆಲ್ಲುತ್ತಿದ್ದರೆ ಹಿಂದಿನಿಂದ ಹಂಪಯ್ಯ ಕಾಕಾ "ಚಳ್ಳಂಬರಿಗೋ!" ಎಂದು ನೀರು ಚಿಮುಕಿಸುತ್ತಿದ್ದ. ಎರಡು ಮೂಲೆ ಮುಗಿದಿರಲಿಲ್ಲ, ಕೋಲು ಹಿಡಿದು ಓಡಿಬಂದ ಪ್ಲಾಟಿನ ಕಾವಲುಗಾರ. ಮುದುಕ. "ಏಯ್, ಏಂ ಚೇಸ್ತುನ್ನಾರು?" ಏನು ಮಾಡುತ್ತಿದ್ದೀರಿ ಎಂದು ಗದರಿದ. ಅಮಾವಾಸ್ಯೆ ದಿನ ಕುಂಕುಮ, ಅನ್ನ, ಮೂಲೆ ಮೂಲೆಗೆ ನೀರು ಕಂಡು ಅವನಿಗೆ ಭಾನಾಮತಿಯ ಅನುಮಾನ! ಪ್ಲಾಟಿಗೆ ಮಾಟ ಮಾಡಲು ಯಾರು ಕಳಿಸಿದ್ದಾರೆ ಹೇಳಿ, ಇಲ್ಲವಾದರೆ ಪೊಲೀಸರನ್ನು ಕರೆಯುತ್ತೇನೆ ಎಂದು ತೆಲುಗಿನಲ್ಲಿ ಅಬ್ಬರಿಸಿದ. ಅನ್ವಿತಾ ನನ್ನ ಬೆನ್ನ ಹಿಂದೆ ಸೇರಿಕೊಂಡಳು.

"ಮಾಟ ಮಾಡವ್ರು ಹೋಳಿಗಿ ಮಾಡ್ಕೊಂಡು ಬರ್ತಾರೇನೋ ಯಜಮಾನಾ?" ಅಂದ ಹಂಪಯ್ಯ ಕಾಕಾ. ಮುದುಕ ನಗಲಿಲ್ಲ.

ಆಗ ಅಪ್ಪ ಬುಟ್ಟಿ ಕೆಳಗಿಟ್ಟ. ಅವನ ತೆಲುಗು ನಿನಗೆ ಗೊತ್ತಲ್ಲ, ಅರ್ಧ ಕನ್ನಡ. "ತಪ್ಪು ತಿಳೀಬ್ಯಾಡಪ್ಪಾ. ಪೈರು ಹೊಟ್ಟ್ಯಾಗಿಟ್ಕೊಂಡು ಭೂಮಿತಾಯಿ ಬಸುರಿ ಅದಾಳ. ಬಸುರಿಗೆ ಬಯಕಿ ಇರ್ತಾವಲ್ಲ? ಆಕಿಗೆ ಉಣ್ಸಾಕತ್ತೀವಿ. ಉಣ್ಸಲಿಲ್ಲಂದ್ರ ನೊಂದ್ಕೋತಾಳ," ಅಂದ.

ಮುದುಕ ಕೋಲು ಇಳಿಸಿದ. ಆ ನಾಲ್ಕು ದಂಟುಗಳನ್ನು ನೋಡಿದ, ಅಪ್ಪನನ್ನು ನೋಡಿದ. "ನಮ್ಮಲ್ಲಿ ಇದನ್ನ ಹೆಣ್ಣುಮಕ್ಕಳಿಗೆ ಮಾಡ್ತೀವಿ, ಮನೆಗೆ ಕರೆಸಿ," ಎಂದು ತೆಲುಗಿನಲ್ಲೇ ಹೇಳಿದ.

ಅವ್ವ ಸೆರಗಿನ ತುದಿ ಹಿಂಡುತ್ತ ನಿಂತಳು. ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದಳು. ನನಗೆ ಸುಮ್ಮನಿರಲಿಕ್ಕೆ ಬರುವುದಿಲ್ಲ ಅಕ್ಕಾ. ಹೇಗೆ ಕೇಳಬೇಕೆಂದು ಎಷ್ಟೋ ದಿನದಿಂದ ಮಾತು ಜೋಡಿಸಿಕೊಂಡಿದ್ದೆ, ಅದ್ಯಾವುದೂ ಬಾಯಿಗೆ ಬರಲಿಲ್ಲ. "ಅಪ್ಪಾ, ಯಾರದೋ ಪ್ಲಾಟಿಗೆ ಉಣ್ಸಾಕತ್ತೀ. ನೀಲಕ್ಕ ಬಸುರಿ ಅದಾಳ. ಹಡಿಯಾಕ ಬರ್ಲೇನಂತ ಕೇಳ್ಯಾಳ," ಅಂದೆ.

ಅಪ್ಪ ಹೊರಟುಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಸುಣ್ಣದ ಕಲ್ಲಿನ ಮೇಲೆ ಕೂತ. ಹಂಪಯ್ಯ ಕಾಕಾ ಕೊಡ ಹಿಡಿದುಕೊಂಡೇ ನಿಂತಿದ್ದ, "ಲಿಂಗಣ್ಣಾ, ಇನ್ನೂ ಎರಡು ಮೂಲಿ ಉಳದಾವ," ಅಂದ ಅಪ್ಪನಿಗೆ ಮೆಲ್ಲಗೆ. ಬಹಳ ಹೊತ್ತಿನ ಮೇಲೆ ಎದ್ದು ಅಪ್ಪ ಆ ಎರಡು ಮೂಲೆಗೂ ಚೆಲ್ಲಿದ. ಕೂಗು ಮಾತ್ರ ಹೊರಡಲಿಲ್ಲ. ಹಂಪಯ್ಯ ಕಾಕಾ ಒಬ್ಬನೇ ಕೂಗಿದ.

ಆಮೇಲೆ ಎಲ್ಲರೂ ಅಲ್ಲೇ ಕೂತು ಉಂಡೆವು. ಕಾವಲುಗಾರನನ್ನೂ ಅಪ್ಪನೇ ಕರೆದು ಕೂರಿಸಿಕೊಂಡ. ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡ ಮುದುಕ, "ಇಂಥಾ ಮಾಟ ಅಮಾವಾಸ್ಯೆಗೊಂದು ಮಾಡಿ," ಅಂದಾಗ ಎಲ್ಲರಿಗೂ ನಗು ಬಂತು. ಅನ್ವಿತಾ ಖಾರದ ಚಟ್ನಿ ತಿಂದು ಕಣ್ಣು ಮೂಗಲ್ಲೆಲ್ಲ ನೀರು ಸುರಿಸಿದಳು, ಆದರೂ ಇನ್ನಷ್ಟು ಹಾಕಿಸಿಕೊಂಡಳು. ಅವ್ವ ಅವಳ ತಲೆ ತಟ್ಟುತ್ತ ನೀರು ಕುಡಿಸಿದಳು. ಆ ಕೈ ನಿನ್ನನ್ನೇ ತಟ್ಟುತ್ತಿತ್ತು ಅಂತ ನನಗನ್ನಿಸಿತು.

ಮರಳಿ ಬರುವಾಗ ಅಪ್ಪ ನನ್ನ ಜೊತೆ ಹಿಂದೆ ಉಳಿದ. ಉಳಿದವರು ಮುಂದೆ ಹೋಗಲಿ ಎಂದು ಕಾದ. ಕೊನೆಗೆ, "ಆಕಿಗೆ ಏನು ಬಯಕಿ ಐತಂತ?" ಎಂದು ಕೇಳಿದ. ಹುಣಸೆ ಚಿಗುರಿನ ಪಲ್ಯ ಎಂದು ನೀನು ಬರೆದದ್ದು ಹೇಳಿದೆ. ತಲೆಯಾಡಿಸಿದ. ಸ್ವಲ್ಪ ನಡೆದು, "ಬರ್ಲಿ ಆಕಿ," ಅಂದ.

ಅವ್ವನಿಗೆ ಹೇಳಿದಾಗ ಅವಳು ಬಾಗಿಲಲ್ಲೇ ಕೂತುಬಿಟ್ಟಳು. ಅಂದಿನಿಂದ ಹಳೇ ಸೀರೆ ಹರಿದು ಮಗುವಿಗೆ ದುಪ್ಪಟಿ ಹೊಲಿಯುತ್ತಿದ್ದಾಳೆ. ಹೊಟ್ಟೆ ತುಂಬ ಉಣ್ಣು, ಭಾರ ಎತ್ತಬೇಡ ಎಂದು ಹೇಳಿದ್ದಾಳೆ. ಕೂಸಿನೊಡನೆ ನೀನು ಸುಖವಾಗಿರು, ನಿನ್ನ ಬಯಕೆಯೆಲ್ಲ ತೀರಲಿ.

ಇತಿ ನಿನ್ನ ತಂಗಿ,
ಗಂಗಾ

ತಾ. ಕ.: ಇಲ್ಲಿಗೆ ನಿಲ್ಲಿಸು ಅಂದಳು ಅವ್ವ. ನಿಲ್ಲಿಸಿ ಸಹಿಯನ್ನೂ ಹಾಕಿದೆ. ಲಕೋಟೆ ಅಂಟಿಸಲಾಗಲಿಲ್ಲ. ಅಪ್ಪನ ಅರ್ಧ ಮಾತನ್ನಷ್ಟೇ ಬರೆದಿದ್ದೇನೆ. "ಬರ್ಲಿ ಆಕಿ. ಅಂವಾ ಬಸ್‌ಸ್ಟ್ಯಾಂಡಿನ ತನಕ ಬಿಟ್ಟು ಹೊಳ್ಳಿ ಹೋಗ್ಲಿ. ನನ್ನ ಹೊಸ್ತಿಲ ತುಳಿಬಾರ್ದು, ಕೂಸು ಹುಟ್ಟಿದ ಮ್ಯಾಲೂ." ಪೂರ್ತಿ ಮಾತು ಇದು. ಒಮ್ಮೆ ಬಂದರೆ ಎಲ್ಲ ಸರಿಹೋಗುತ್ತದೆ, ನೀಲಾಗೆ ತಿಳಿಸಬೇಡ ಎಂದು ಅವ್ವ ಅಳುತ್ತಾಳೆ. ಸರಿಹೋಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಗೊತ್ತಿಲ್ಲದೆ ಬಂದು, ವಿಠಲ ಮಾಮಾ ಕೈಯಲ್ಲಿ ಚೀಲ ಹಿಡಿದು ಬಾಗಿಲಲ್ಲಿ ನಿಲ್ಲುವುದನ್ನು ನೀನು ನೋಡಬಾರದು. ಈ ಪತ್ರವನ್ನು ಅವನ ಮುಂದೆಯೇ ಓದು, ಇಬ್ಬರೂ ಕೂಡಿ ತೀರ್ಮಾನಿಸಿರಿ. ಬಂದರೆ ನಾನು ಬಸ್‌ಸ್ಟ್ಯಾಂಡಿನಲ್ಲಿರುತ್ತೇನೆ. ಬಾರದಿದ್ದರೆ ಹಾಸ್ಟೆಲಿನ ಕೆಲಸ ಬಿಟ್ಟು ನಾನೇ ರಾಯಚೂರಿಗೆ ಬಂದು ನಿನ್ನ ಬಾಣಂತನ ಮಾಡುತ್ತೇನೆ. ನನಗೆ ಕೂಸಿಗೆ ನೀರೆರೆಯಲು ಬರುವುದಿಲ್ಲ, ಅವ್ವನ ಹತ್ತಿರ ಕಲಿಯುತ್ತಿದ್ದೇನೆ. ಯಾಕೆ ಎಂದು ಅವಳು ಇನ್ನೂ ಕೇಳಿಲ್ಲ.