ಅಪ್ಪನ ಅಂಗೈ

ಹಿಂದವಾಡಿ, ಬೆಳಗಾವಿ
6 ನವೆಂಬರ್ 2024

ಸಾವಂತ್ರಕ್ಕಾ, ನಿನ್ನ ತಮ್ಮನ ಶರಣು.

ದಸರೆಯ ಖಂಡೆ ಪೂಜೆಯಾಗಿ ತಿಂಗಳಾಗುತ್ತ ಬಂತು, ಈಗ ಬರೆಯುತ್ತಿದ್ದೇನೆ. ತಡವಾಯಿತೆಂದು ಬೈಯಬೇಡ. ನಾಲ್ಕು ಸಲ ಫೋನು ಕೈಗೆತ್ತಿಕೊಂಡೆ. ನಿನ್ನ ದನಿ ಕೇಳಿದರೆ ನಾಲಗೆ ಏಳುವುದಿಲ್ಲವೆಂದು ಇಟ್ಟುಬಿಟ್ಟೆ. ಇಲ್ಲಿ ಎಲ್ಲರೂ ಆರಾಮ. ನಿನ್ನ ಮೊಣಕಾಲು ನೋವು ಹೇಗಿದೆ?

ಅಪ್ಪನ ಹಳೆಯ ಬಂದೂಕಿಗೆ ಪಾಲಿಶ್ ಮಾಡಿಕೊಡುತ್ತೇನೆಂದು ನಾನೇ ಮೇಲೆ ಬಿದ್ದು ಕೇಳಿದೆ. ಲೈಸೆನ್ಸ್ ನಿನ್ನ ಯಜಮಾನರಾದ ಲಕ್ಷ್ಮಣ ಮಾವನ ಹೆಸರಿನಲ್ಲಿದೆಯೆಂದು ಅವರೇ ಖಾನಾಪುರದ ನಿಮ್ಮ ಮನೆಯಿಂದ ತಂದು, ಎರಡು ದಿನ ನನ್ನ ಪಕ್ಕದಲ್ಲೇ ಕುಳಿತರು. ನಳಿಗೆಯ ತುಕ್ಕು ಹೋಗಿ ಚಂದದ ಕಪ್ಪು ಬಂತು. ಅಷ್ಟಕ್ಕೇ ನಿಲ್ಲಬೇಕಿತ್ತು.

"ಕಟಿಗಿ ಹಿಡಿಕಿ ಭಾಳ ತಿಕ್ಕಬ್ಯಾಡೋ ಸಾತಪ್ಪಾ, ಹಳೇದು ಹಳೇದರಂಗ ಇರ್ಲಿ" ಎಂದರು ಮಾವ.

"ಮೂವತ್ತು ವರ್ಷ ಕುರ್ಚಿ, ಕಪಾಟಿಗೆ ಪಾಲಿಶ್ ಹೊಡದೇನ್ರಿ ಮಾವಾ. ನನಗ ಹೇಳಬ್ಯಾಡ್ರಿ" ಎಂದು ಅವರ ಬಾಯಿ ಮುಚ್ಚಿಸಿದೆ. ಅವರು ಚಹಾ ಕುಡಿದು ಬರುವಷ್ಟರಲ್ಲಿ ಹಿಡಿಕೆಯ ಮೇಲಿನ ಕರಿ ಕಲೆ ಹೋಗಿತ್ತು.

ಪ್ರತಿ ಖಂಡೆ ಪೂಜೆಗೆ ಅಪ್ಪ ಔಡಲೆಣ್ಣೆ ಸವರಿದ ಅಂಗೈಯನ್ನು ಅಲ್ಲೇ ಊರುತ್ತಿದ್ದ. ನಲವತ್ತು ವರ್ಷ ಎಣ್ಣೆ ಕುಡಿದ ಕಟ್ಟಿಗೆಯಲ್ಲಿ ಐದೂ ಬೆರಳು ಮೂಡಿದ್ದವು. ಅಪ್ಪ ಹೋದ ಮೇಲೆ ನೀನು ಅದರ ಮೇಲೆ ಕೈಯಿಟ್ಟೇ ಕುಂಕುಮ ಹಚ್ಚುತ್ತಿದ್ದೆ.

ಈ ಸಲ ನಿಮ್ಮ ಮನೆಯ ಪೂಜೆಯಲ್ಲಿ ನಿನ್ನ ಕೈ ಅತ್ತಿತ್ತ ಹುಡುಕಾಡಿತು. ಜಾಗ ಸಿಗಲಿಲ್ಲ. ನಾನು ಗಡಬಡಿಸಿ, "ಜಿಡ್ಡು ಅನಕೊಂಡು ತಿಕ್ಕಿಬಿಟ್ಟೆ ಅಕ್ಕಾ" ಎಂದೆ. ನೀನು ನನ್ನ ಮುಖ ನೋಡಲಿಲ್ಲ.

"ಇರ್ಲಿ ಬಿಡೋ ತಮ್ಮಾ. ಚಲೋ ಹೊಳಿತೈತಿ" ಎಂದೆ.

ಬೈದಿದ್ದರೆ ನಿಶ್ಚಿಂತೆಯಿಂದ ಉಂಡು ಬರುತ್ತಿದ್ದೆ. ನೀನು ಹೋಳಿಗೆಯ ಮೇಲೆ ಇನ್ನಷ್ಟು ತುಪ್ಪ ಸುರಿದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಅರ್ಧಕ್ಕೇ ಕೈ ತೊಳೆದು ಎದ್ದೆ. ಅಂದಿನಿಂದ ಪಾಲಿಶ್ ಅರಿವೆ ಹಿಡಿಯಲು ನನಗೆ ನಾಚಿಕೆ.

ಮಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಬಸವಣ್ಣ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ಸಾತಪ್ಪ

ತಾ.ಕ.: ಜಿಡ್ಡು ಎಂದದ್ದು ಸುಳ್ಳು. ಅದು ಅಪ್ಪನ ಕೈಯೆಂದು ನನಗೆ ಗೊತ್ತಿತ್ತು. ಮಗ ನಾನಿದ್ದೂ ಅಪ್ಪ ಬಂದೂಕನ್ನು ನಿಮ್ಮ ಮನೆಗೆ ಕೊಟ್ಟ ದಿನ, ನನಗೆ "ನಿನ್ನ ಕೈಯಾಗ ಏನೂ ಉಳಿಯೂದಿಲ್ಲೋ" ಎಂದಿದ್ದ. ಆ ಸಿಟ್ಟು ನನ್ನಲ್ಲಿ ಹಾಗೇ ಇತ್ತು. ಮಾವ ಎದ್ದು ಹೋಗುವುದನ್ನೇ ಕಾದಿದ್ದೆ. ಅರ್ಧ ಅಳಿಸಿದಾಗಲೂ ಮೂರು ಬೆರಳು ಕಾಣುತ್ತಿದ್ದವು ಅಕ್ಕಾ. ಆಗಲಾದರೂ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.