ಬುಧವಾರದ ಮಾರ್ವಿನ್

ಮೇ 19, 2010. ಬುಧವಾರ

ಮಾರ್ವಿನ್‌ಗೆ ಫೋನ್ ಮಾಡಿದ್ದಾಯಿತು. ಅವೇ ಪ್ರಶ್ನೆ. ಕೆಲಸ ಮಾಡಲು ಶಕ್ತರಿದ್ದೀರಾ? ಒಂದು ಒತ್ತಿದೆ. ಕೆಲಸ ಹುಡುಕಿದಿರಾ? ಒಂದು. ಸಿಕ್ಕ ಕೆಲಸ ಬೇಡ ಅಂದಿರಾ? ಎರಡು. ಬೇಡ ಅನ್ನುವುದಕ್ಕೆ ಮೊದಲು ಸಿಗಬೇಕಲ್ಲ!

ನಿರುದ್ಯೋಗ ಭತ್ಯೆ ಬೇಕಾದವರು ಎರಡು ವಾರಕ್ಕೊಮ್ಮೆ ಈ ಯಂತ್ರಕ್ಕೆ ಹಾಜರಿ ಹಾಕಬೇಕು. ಇಡೀ ಮಿಷಿಗನ್ನಿನಲ್ಲಿ ಅದಕ್ಕೆ ಮಾರ್ವಿನ್ ಅಂತಲೇ ಹೆಸರು. ಬಟನ್ ಒತ್ತಿದರೆ ಸಾಕು, ಮಾತಾಡಬೇಕಿಲ್ಲ. ನಾನು ಮಾತಾಡುತ್ತೇನೆ. ‘ಗುಡ್ ಮಾರ್ನಿಂಗ್ ಮಾರ್ವಿನ್, ರಾತ್ರಿ ನಿದ್ದೆ ಬಂತಾ?’ ‘ಸರಿ ಮಾರ್ವಿನ್, ಮುಂದಿನ ಬುಧವಾರವಲ್ಲ, ಅದರ ಮುಂದಿನದು.’ ಹುಚ್ಚೇ ಇರಬಹುದು. ಬೆಳಗ್ಗೆ ಎದ್ದರೆ ಒಂದು ಮಾತಾಡಲು ಯಾರಾದರೂ ಬೇಕಲ್ಲ.

ಮಧ್ಯಾಹ್ನ ಕೆಳಗೆ ಹೋದೆ. ಮನೆಯೊಡತಿ ಆರ್ಡಿತ್ ತಾನೇ ಬೇಯಿಸಿದ ಹುಳಿಸಿಹಿ ರೂಬಾರ್ಬ್ ಪೈ ಕತ್ತರಿಸುತ್ತಿದ್ದಳು.

"ಯಾರೇ ಅದು ಮಾರ್ವಿನ್?"

ತಟ್ಟೆ ಜೋಡಿಸುತ್ತಿದ್ದವಳು ಅವಳ ಕಡೆ ತಿರುಗಿದೆ.

"ಕದ್ದು ಕೇಳಿದ್ದಲ್ಲಪ್ಪ. ಹೀಟರಿನ ಜಾಲರಿ ಇದೆಯಲ್ಲ, ಮೇಲಿನ ಮಾತು ಕೆಳಗೆ ಕೇಳುತ್ತೆ, ಕೆಳಗಿಂದು ಮೇಲೆ. ಯಾರು ಹೇಳು."

ಯಂತ್ರ ಅನ್ನಬೇಕಿತ್ತು. ಆದರೆ ಬಾಡಿಗೆಗೆ ಬಂದ ದಿನವೇ ಇವಳಿಗೆ ಹೇಳಿದ್ದು, ಕಾರಿನ ಸೀಟು ಹೊಲಿಯುವ ಕಾರ್ಖಾನೆಯಿಂದ ಪಿಂಚಣಿ ತೆಗೆದುಕೊಂಡು ಬಂದವಳು ನಾನು ಅಂತ. ಕಾರ್ಖಾನೆ ಮುಚ್ಚಿತು, ಪಿಂಚಣಿ ಎಲ್ಲಿಂದ ಬರಬೇಕು? "ಸ್ನೇಹಿತ" ಅಂದೆ. ಮುಖ ಕೆಂಪಾಯಿತು. ಅದನ್ನು ನೋಡಿ ಅವಳು ತನಗೆ ಬೇಕಾದಂತೆ ಅರ್ಥ ಮಾಡಿಕೊಂಡಳು.

"ಅಯ್ಯೋ ಬರ್ನಿ! ಈ ವಯಸ್ಸಲ್ಲಿ! ಕಳ್ಳಿ!"

ಎಷ್ಟು ಖುಷಿಪಟ್ಟಳೆಂದರೆ, ತಿದ್ದಲು ಮನಸ್ಸು ಬರಲಿಲ್ಲ. ಪೈನ ದೊಡ್ಡ ತುಂಡು ನನ್ನ ತಟ್ಟೆಗೇ ಬಿತ್ತು.

ಮೇ 20. ಗುರುವಾರ

ಚರ್ಚ್ ಹಾಲ್‌ನಲ್ಲಿ ಯೂಕರ್, ಗುರುವಾರದ ಇಸ್ಪೀಟು. ಆರ್ಡಿತ್ ಮತ್ತು ನಾನು ಜೋಡಿ, ಎಂದಿನಂತೆ. ಎದುರು ಪಕ್ಷದಲ್ಲಿ ನಾರ್ಬರ್ಟ್. ಅವನ ಬಾಯಲ್ಲಿ ಯಾವಾಗಲೂ ಟೀವಿಯ ಸುದ್ದಿ.

"ಕೆಲಸ ಇಲ್ಲದೋರನ್ನ ತೊಂಬತ್ತೊಂಬತ್ತು ವಾರ ಕೂರಿಸಿ ಉಣಿಸ್ತಾರಂತೆ. ಸಾಲದು ಅಂತ ಇನ್ನೂ ಮುಂದುವರಿಸ್ತಾರಂತೆ. ಯಾರಪ್ಪನ ಮನೆ ಗಂಟು?"

ಎಲೆ ಇಳಿಸುತ್ತ ಆರ್ಡಿತ್ ಅಂದಳು, "ನನಗೂ ಕೊಟ್ಟಿದ್ರೆ ನಾನೂ ಹಾಸಿಗೆ ಬಿಟ್ಟು ಏಳ್ತಿರಲಿಲ್ಲ ಕಣೋ. ಮರ್ಯಾದೆ ಇರೋರು ಹುಡುಕಿಕೊಂಡು ಹೋಗ್ತಾರೆ, ನೆಲ ಒರೆಸೋ ಕೆಲಸ ಆದ್ರೂ ಸರಿ."

ನೆಲ ಒರೆಸುವ ಕೆಲಸಕ್ಕೂ ಅರ್ಜಿ ಹಾಕಿದ್ದೇನೆ. ಆಸ್ಪತ್ರೆಯಲ್ಲಿ. ಉತ್ತರವಿಲ್ಲ. ನನ್ನ ಎಲೆ ಇಳಿಸಿದೆ. ಗೆದ್ದೆವು. ಕಾರಿನಲ್ಲಿ ಬರುವಾಗ ಅವಳು ಹಾಡು ಹೇಳಿದಳು. ಈ ಊರಿನಲ್ಲಿ ನನಗೆಂದು ಇರುವವಳು ಇವಳೊಬ್ಬಳೇ. ನಿಜ ತಿಳಿದರೆ? ಮನೆ ಬಿಡು ಅನ್ನಲಿಕ್ಕಿಲ್ಲ. ಕರೆಯುವುದನ್ನು ಬಿಟ್ಟುಬಿಟ್ಟರೆ ಸಾಕು, ನಾನು ಮುಗಿದೆ.

ಜೂನ್ 2. ಬುಧವಾರ

ಸೆನೆಟ್‌ನವರು ರಜೆಗೆ ಊರಿಗೆ ಹೋದರು. ಭತ್ಯೆ ಮುಂದುವರಿಸುವ ಮಸೂದೆ ಹಾಗೇ ನಿಂತಿತು. ನನ್ನ ಕಂತೂ ಮುಗಿದಿದೆ. ಹೊಸ ಕಾನೂನು ಬಂದರೆ ಉಂಟು, ಇಲ್ಲವಾದರೆ ಇಲ್ಲ. ಮಾರ್ವಿನ್ ತನ್ನ ಪಾಡಿಗೆ ತಾನು ಪ್ರಶ್ನೆ ಕೇಳಿದ. ಪಾಪ, ಅವನಿಗೇನು ಗೊತ್ತು.

ಜೂನ್ 16. ಬುಧವಾರ

ಫೋನ್ ಮಾಡಲಿಲ್ಲ. ಭತ್ಯೆಯೇ ಇಲ್ಲವೆಂದ ಮೇಲೆ ಯಾವ ಮುಖ ಹೊತ್ತು ಮಾಡುವುದು? ಹಾಸಿಗೆಯಲ್ಲೇ ಇದ್ದೆ. ಮನೆ ಬಿಕೋ ಎನ್ನುತ್ತಿತ್ತು.

ಜೂನ್ 17

ಆರ್ಡಿತ್ ಮೇಲೆ ಬಂದಳು. ಕೈಯಲ್ಲಿ ಎಲೆಕೋಸಿನ ಕಡುಬು, ಮುಖದಲ್ಲಿ ಸೂತಕ.

"ನಿನ್ನೆ ಅವನ ಜೊತೆ ಮಾತೇ ಕೇಳಿಸಲಿಲ್ಲ. ಬಿಟ್ಟುಹೋದ್ನಾ?"

ಇಲ್ಲ ಅನ್ನಲು ಬಾಯಿ ತೆರೆದೆ. ಅಳು ಬಂದುಬಿಟ್ಟಿತು. ಎರಡು ವರ್ಷದ್ದೆಲ್ಲ — ಕಾರ್ಖಾನೆ, ಮನೆ ಮಾರಿದ್ದು, ಲೈಬ್ರರಿಯ ಕಂಪ್ಯೂಟರಿನ ಮುಂದೆ ಕೆಲಸ ಹುಡುಕುತ್ತ ಕೂತ ಮಧ್ಯಾಹ್ನಗಳು. ಅವಳು ತಬ್ಬಿಕೊಂಡು ಬೆನ್ನು ಸವರಿದಳು.

"ಅಳು, ಅತ್ತುಬಿಡು. ಗಂಡಸರ ಹಣೆಬರಹವೇ ಇಷ್ಟು. ನಿನ್ನ ತಪ್ಪೇನಿಲ್ಲ ಕಣೆ, ನಿನ್ನ ತಪ್ಪೇನಿಲ್ಲ."

ಈ ಮಾತನ್ನು ನನಗೆ ಇಲ್ಲಿಯ ತನಕ ಯಾರೂ ಹೇಳಿರಲಿಲ್ಲ. ಇಲ್ಲದ ಗಂಡಸೊಬ್ಬ ಬಿಟ್ಟುಹೋಗಬೇಕಾಯಿತು, ಇದನ್ನು ಕೇಳಲು. ಕಡುಬನ್ನೆಲ್ಲ ತಿಂದೆ.

ಜೂನ್ 30. ಬುಧವಾರ

ಬೆಳಗ್ಗೆ ಜಾಲರಿಯಿಂದ ಆರ್ಡಿತ್‌ಳ ದನಿ. ಸೆನೆಟರ್ ಕಚೇರಿಗೆ ಫೋನ್. ಹೆಸರು ಹೇಳಿದಳು, ಬೀದಿ ಹೇಳಿದಳು. ಆಮೇಲೆ, "ಬರ್ಕೊಳಮ್ಮ. ಆ ನಿರುದ್ಯೋಗ ಭತ್ಯೆ ಇನ್ನು ಒಂದು ವಾರ ಕೂಡ ಮುಂದುವರಿಸಬೇಡಿ ಅಂತ. ನನ್ನ ಯಜಮಾನರು ಎಂಬತ್ತೆರಡನೇ ಇಸವೀಲಿ ಕೆಲಸ ಕಳ್ಕೊಂಡಾಗ ನಾವೂ ತಗೊಂಡಿದ್ವಿ, ಇಲ್ಲ ಅನ್ನಲ್ಲ. ಅದು ಬೇರೆ. ಆಗ ನಿಜವಾಗ್ಲೂ ಕೆಲಸ ಇರಲಿಲ್ಲ."

ಜಾಲರಿಯ ಹತ್ತಿರ ನೆಲದ ಮೇಲೆ ಕೂತು ಕೇಳಿದೆ. ಕೆಳಗೆ ಹೋಗಿ ಜಗಳ ಆಡಬೇಕಿತ್ತು. ಬದಲಿಗೆ, ಅವಳಿಗೆ ಕೇಳಿಸದಂತೆ, ಲೈಬ್ರರಿಯ ಮುಂದಿನ ಬೆಂಚಿಗೆ ಹೋಗಿ ಅದೇ ಕಚೇರಿಗೆ ನಾನೂ ಫೋನ್ ಮಾಡಿದೆ. ದಯವಿಟ್ಟು ಮುಂದುವರಿಸಿ ಅಂದೆ. ಹುಡುಗಿ ವಿಳಾಸ ಬರೆದುಕೊಂಡಳು.

"ಮೇಡಂ, ಈ ಮನೆಯಿಂದ ಬೆಳಗ್ಗೆ ಒಂದು ಫೋನ್ ಬಂದಿತ್ತಲ್ಲ…"

"ಅದು ಕೆಳಗಿನ ಮನೆ" ಅಂದೆ.

ಸಂಜೆ ಸೆನೆಟ್‌ನಲ್ಲಿ ಮತಕ್ಕೆ ಹಾಕಿದರು. ಅರುವತ್ತು ಬೇಕಿತ್ತು. ಬರಲಿಲ್ಲ. ಹಿರಿಯ ಸದಸ್ಯರೊಬ್ಬರು ಮೊನ್ನೆ ತೀರಿಕೊಂಡಿದ್ದಾರೆ. ಅವರ ಜಾಗಕ್ಕೆ ಹೊಸಬರು ಬರುವ ತನಕ ಕಾಯಬೇಕಂತೆ. ನಾನಂತೂ ಸತ್ತವರ ಕುರ್ಚಿಯನ್ನು ನೋಡುತ್ತ ಕೂತವಳಾದೆ.

ಜುಲೈ 11. ಭಾನುವಾರ

ತಂಗಿಯ ಫೋನ್, ಟೆನೆಸ್ಸೀಯಿಂದ. "ಬಂದುಬಿಡು ಬರ್ನಿ. ಹುಡುಗರ ರೂಮಲ್ಲಿ ಮೇಲಿನ ಮಂಚ ಖಾಲಿ ಇದೆ." ಐವತ್ತಾರರ ಹೆಂಗಸು ಏಣಿ ಹತ್ತಿ ಮಲಗುವುದು! ಒಳ್ಳೆಯ ಮನಸ್ಸಿನಿಂದಲೇ ಕರೆದಳು. ತಿಂಗಳ ಕೊನೆಗೆ ತಿಳಿಸುತ್ತೇನೆ ಅಂದೆ. ಬಾಡಿಗೆ ತಡವಾಗಿದೆ. ಪಿಂಚಣಿ ಬ್ಯಾಂಕಿನಲ್ಲಿ ಸಿಕ್ಕಿಕೊಂಡಿದೆ ಎಂದು ಆರ್ಡಿತ್‌ಗೆ ಇನ್ನೊಂದು ಸುಳ್ಳು. "ಅವಸರವಿಲ್ಲ ಬಿಡೆ. ಪಾಪ, ನಿನಗೆ ಒಂದರ ಮೇಲೊಂದು" ಅಂದಳು. ಬೈದಿದ್ದರೆ ಎಷ್ಟೋ ವಾಸಿ.

ಜುಲೈ 20. ಮಂಗಳವಾರ

ಹೊಸಬರು ಬಂದರು. ಅರುವತ್ತು!! ಟೀವಿ ಮುಂದೆ ಕೂಗಿಬಿಟ್ಟೆ. ಕೆಳಗಿನಿಂದ, "ಏನಾಯ್ತೆ? ಬಿದ್ಯಾ?"

"ಇಲಿ!" ಅಂದೆ.

ಹೇಳಿಕೊಳ್ಳಲು ಯಾರೂ ಇಲ್ಲ. ಒಬ್ಬಳೇ ಎದ್ದು ಕಾಫಿ ಮಾಡಿದೆ. ಖುಷಿಗೂ ಜೊತೆ ಬೇಕು ಅನ್ನುವುದು ಗೊತ್ತಿರಲಿಲ್ಲ.

ಜುಲೈ 22. ಗುರುವಾರ. ಮಧ್ಯಾಹ್ನ

ಈಗಲೇ ಬರೆಯುತ್ತೇನೆ.

ಇವತ್ತು ಅಧ್ಯಕ್ಷರ ಸಹಿ ಬೀಳುತ್ತದೆ ಅಂತ ಬೆಳಗಿನ ಸುದ್ದಿ. ಫೋನ್ ಮಾಡುವುದನ್ನು ನಿಲ್ಲಿಸಿದವರು ಮತ್ತೆ ಮಾಡಿ ಹಾಜರಿ ಹಾಕಬೇಕು, ಹಾಕದಿದ್ದರೆ ಹಳೆಯ ವಾರಗಳ ಹಣ ಹೋದಂತೆಯೇ ಎಂದು ನಿನ್ನೆ ಲೈಬ್ರರಿಯಲ್ಲಿ ಅಂಟಿಸಿದ್ದರು. ಜನ ಮಾಡುತ್ತಲೇ ಇದ್ದರಂತೆ, ನಾನೊಬ್ಬಳು ಮುನಿಸಿಕೊಂಡು ಕೂತಿದ್ದೆ. ತಮ್ಮ ದಿನ ಫೋನ್ ಮಾಡದೆ ಬಿಟ್ಟವರಿಗೆ ಗುರುವಾರ. ಮಾಡಿದೆ. ಅಭ್ಯಾಸ ಬಿಡಬೇಕಲ್ಲ —

"ಮಾರ್ವಿನ್, ನಾನೇ ಕಣೋ. ಬಿಟ್ಟಿದ್ದು ನನ್ನದೇ ತಪ್ಪು."

ಮೆಟ್ಟಿಲ ಮೇಲೆ ಧಡಧಡ. ಆರ್ಡಿತ್. ಏಪ್ರನ್ ತುಂಬ ಹಿಟ್ಟು.

"ಮತ್ತೆ ಅವನಾ? ಮಾನ ಮರ್ಯಾದೆ ಇಲ್ವೇನೆ ನಿನಗೆ? ಒಂದು ತಿಂಗಳು ಅಳಿಸಿದವನ ಹತ್ರ ನಿಂದೇ ತಪ್ಪು ಅಂತೀಯಾ? ಕೊಡಿಲ್ಲಿ. ನಾನು ಮಾತಾಡ್ತೀನಿ."

ಕಿತ್ತುಕೊಂಡಳು. "ಕೇಳಯ್ಯ —" ಅಂದಳು. ಅಷ್ಟೇ.

ಆ ಕಡೆಯ ದನಿ ನನಗೂ ಕೇಳುತ್ತಿತ್ತು. ಕೆಲಸ ಮಾಡಲು ಶಕ್ತರಿದ್ದೀರಾ? ಹೌದಾದರೆ ಒಂದನ್ನು ಒತ್ತಿ. ಉತ್ತರ ಬಾರದ್ದಕ್ಕೆ ಮತ್ತೊಮ್ಮೆ ಕೇಳಿತು. ಅವಳು ಕಿವಿಯಿಂದ ತೆಗೆಯಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಫೋನ್ ನನ್ನ ಕಡೆ ಚಾಚಿದಳು.

"ಒತ್ತು ಅಂತಿದೆ."

ಒತ್ತಿದೆ. ಎಲ್ಲ ಪ್ರಶ್ನೆ ಮುಗಿಯುವ ತನಕ ಅವಳು ಅಲ್ಲೇ ಇದ್ದಳು.

"ಪಿಂಚಣಿ?"

"ಇಲ್ಲ. ಯಾವತ್ತೂ ಇರಲಿಲ್ಲ."

"ನಾನು ಆ ಕಚೇರಿಗೆ ಮಾಡಿದ್ದು… ಕೇಳಿಸಿತ್ತಾ?"

"ಹ್ಞೂಂ."

"ನಿನ್ನ ಬಗ್ಗೆ ಅಲ್ಲ ಕಣೆ ನಾನು ಹೇಳಿದ್ದು."

"ನನ್ನ ಬಗ್ಗೇನೇ ಆರ್ಡಿತ್. ಇನ್ಯಾರ ಬಗ್ಗೆ?"

ಏಪ್ರನ್ನಿಗೆ ಕೈ ಒರೆಸಿಕೊಂಡಳು. ಒರೆಸಿದ್ದನ್ನೇ ಒರೆಸಿದಳು.

"ಆ ಮಾರ್ವಿನ್‌ಗೋಸ್ಕರ ನಾನು ಪ್ರಾರ್ಥನೆ ಮಾಡಿದ್ನಲ್ಲೇ. ನಿಜವಾಗ್ಲೂ ಅಂಥ ಒಬ್ಬ ಮನುಷ್ಯ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು."

"ನನಗೂ ಹಾಗೇ ಅನ್ನಿಸ್ತಿತ್ತು" ಅಂದೆ.

ಇಳಿದು ಹೋದಳು. ಆಮೇಲೆ ಕೆಳಗಿನಿಂದ ಒಂದೂ ಸದ್ದಿಲ್ಲ. ನಲ್ಲಿ ಕೂಡ ತಿರುಗಿಸಿಲ್ಲ.

ಅದೇ ದಿನ, ಸಂಜೆ

ಸಹಿ ಬಿತ್ತು. ಟೀವಿಯಲ್ಲಿ ಚಪ್ಪಾಳೆ. ಮಂಚ ಬೇರೆಯವರಿಗೆ ಕೊಡು ಅಂತ ತಂಗಿಗೆ ಹೇಳಬಹುದು. ಹೇಳಿಲ್ಲ. ಹಣ ಬರುತ್ತದೆ, ಮನೆ ಉಳಿಯುತ್ತದೆ. ಆದರೆ ಯಾರ ಮನೆಯಲ್ಲಿ, ಯಾರ ಜೊತೆ?

ಯೂಕರ್ ಹೊತ್ತಾಯಿತು. ಗುರುವಾರ ಅವಳು ಕಾರು ಹೊರಗೆ ತೆಗೆದು ಎರಡು ಸಲ ಹಾರನ್ ಹೊಡೆಯುತ್ತಾಳೆ, ನಾನು ಇಳಿಯುತ್ತೇನೆ. ಬಟ್ಟೆ ಬದಲಾಯಿಸಿ ಕೂತಿದ್ದೇನೆ. ಯಾಕೋ.

ಈಗ ಕಾರು ಸ್ಟಾರ್ಟ್ ಆಯಿತು. ಹಿಂದಕ್ಕೆ ಬಂತು. ನಿಂತಿತು.

ಹಾರನ್ ಇಲ್ಲ.

ಹೊರಟೂ ಇಲ್ಲ. ಕಿಟಕಿಯಿಂದ ಕಾಣುತ್ತಿದೆ, ಸ್ಟೀರಿಂಗ್ ಮೇಲೆ ಎರಡೂ ಕೈ, ಎದುರಿಗೇ ನೋಡುತ್ತಿದ್ದಾಳೆ. ಎಂಜಿನ್ ಓಡುತ್ತಲೇ ಇದೆ. ಜೋಡಿ ಇಲ್ಲದೆ ಅವಳಿಗೂ ಆಟವಿಲ್ಲ. ಅವಳು ಕರೆಯದೆಯೇ ನಾನು ಇಳಿದು ಹೋಗಲೋ, ಇನ್ನೊಂದು ನಿಮಿಷ ನೋಡಲೋ… ಈಗ ತಲೆ ಎತ್ತಿದಳು, ನನ್ನ ಕಿಟಕಿಯ ಕಡೆಗೇ —